ಬಿಸಿಯಾಗುವುದು ಯಾವಾಗ ದೋಷ? ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳುವ ಮುನ್ನ ಮತ್ತು ಕೊಂಡ ಮೇಲೆ

ಗೇಮಿಂಗ್ ಲ್ಯಾಪ್‌ಟಾಪ್ ವಿಪರೀತ ಬಿಸಿಯಾಗುತ್ತದೆ ಎಂಬ ದೂರಿನಲ್ಲಿ ಸಾಮಾನ್ಯವಾಗಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತುಹೋಗಿರುತ್ತವೆ. ಯಂತ್ರವು ತನ್ನ ವಿನ್ಯಾಸಕ್ಕೆ ತಕ್ಕಷ್ಟು ಬಿಸಿಯಾಗಿ, ಆದರೂ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುವುದು ಒಂದು. ಬಿಸಿ ತಾಳಲಾರದೆ ವೇಗವನ್ನು ತಾನೇ ಇಳಿಸಿಕೊಂಡು, ಆಟವನ್ನು ಮುಗ್ಗರಿಸುವಂತೆ ಮಾಡುವುದು ಇನ್ನೊಂದು. ಮೊದಲನೆಯದಕ್ಕೆ ರಿಪೇರಿ ಬೇಕಿಲ್ಲ. ಎರಡನೆಯದಕ್ಕೆ ಬೇಕು, ಆದರೆ ಯಾವ ರಿಪೇರಿ ಎಂಬುದು ಪರದೆಯ ಮೂಲೆಯಲ್ಲಿ ಕಾಣುವ ಉಷ್ಣಾಂಶದ ಅಂಕಿಯೊಂದರಿಂದ ತಿಳಿಯುವಂಥದ್ದಲ್ಲ. 95 ಡಿಗ್ರಿ ತೋರಿಸುವ ಎರಡು ಯಂತ್ರಗಳಲ್ಲಿ ಒಂದು ಆರೋಗ್ಯವಾಗಿದ್ದು, ಇನ್ನೊಂದರಲ್ಲಿ ಚಿಪ್ಪಿನ ಶಾಖವನ್ನು ಹೀಟ್‌ಸಿಂಕಿಗೆ (ಶಾಖ ಹೀರಿ ಗಾಳಿಗೆ ಬಿಡುವ ಲೋಹದ ಭಾಗ) ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಹೋಗಿರಬಹುದು. ಆ ಚಿಪ್ ಎಷ್ಟು ವಾಟ್ ವಿದ್ಯುತ್ತನ್ನು ನುಂಗುತ್ತಿದೆ, ಎಷ್ಟು ವೇಗದಲ್ಲಿ ಓಡುತ್ತಿದೆ ಎಂಬ ಇನ್ನೆರಡು ಅಂಕಿಗಳನ್ನು ಉಷ್ಣಾಂಶದ ಪಕ್ಕದಲ್ಲಿಟ್ಟು, ಅರ್ಧ ಗಂಟೆಯ ಉದ್ದಕ್ಕೂ ಒಟ್ಟಿಗೆ ಓದಿದಾಗ ದೋಷ ಇರುವ ಜಾಗ ಕಾಣತೊಡಗುತ್ತದೆ.

ಈ ಓದು ಕೊಳ್ಳಲು ಹೊರಟವರಿಗೂ ಅಷ್ಟೇ ಅಗತ್ಯ. ಮೆಮೊರಿ, ಎಸ್‌ಎಸ್‌ಡಿಗಳನ್ನು ಆಮೇಲೆ ಬದಲಿಸಿಕೊಳ್ಳಬಹುದು. ಹೀಟ್‌ಸಿಂಕಿನ ಗಾತ್ರ, ಫ್ಯಾನುಗಳ ಅಗಲ, ಗಾಳಿಯ ಕಿಂಡಿಗಳಿರುವ ಜಾಗ ಇವೆಲ್ಲ ಕೊಂಡ ದಿನ ಹೇಗಿದ್ದವೋ ಕೊನೆಯ ದಿನವೂ ಹಾಗೆಯೇ ಇರುತ್ತವೆ.

ಎಷ್ಟು ಬಿಸಿ ಸಹಜ

ಪ್ರತಿ ಪ್ರೊಸೆಸರಿಗೂ ಅದನ್ನು ತಯಾರಿಸಿದವರೇ ನಿಗದಿಪಡಿಸಿದ ಗರಿಷ್ಠ ಉಷ್ಣಾಂಶವಿರುತ್ತದೆ. ಇಂಟೆಲ್‌ನ ಕೋರ್ ಐ7-12700ಎಚ್ ಮತ್ತು 13700ಎಚ್ ಪ್ರೊಸೆಸರುಗಳಲ್ಲಿ ಅದು 100 ಡಿಗ್ರಿ ಸೆಲ್ಸಿಯಸ್. ಎಎಂಡಿಯ ರೈಜನ್ 7 5800ಎಚ್‌ನಲ್ಲಿ 105, ಅದರ ಮುಂದಿನ ತಲೆಮಾರಿನ 6800ಎಚ್‌ನಲ್ಲಿ 95. ಈ ಗಡಿಗೆ ಬಂದೊಡನೆ ಚಿಪ್ ಸುಟ್ಟುಹೋಗುವುದಿಲ್ಲ. ಗಡಿ ದಾಟದಂತೆ ತನ್ನ ವೇಗವನ್ನು ಕ್ಷಣಕ್ಷಣಕ್ಕೂ ಹೊಂದಿಸಿಕೊಳ್ಳುತ್ತದೆ. ಥ್ರಾಟಲಿಂಗ್ ಎನ್ನುವುದು ಇದನ್ನೇ. ಎನ್‌ವಿಡಿಯಾದ ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್ಪುಗಳಲ್ಲಿ ಈ ಗಡಿ ಇನ್ನೂ ಕೆಳಗಿದ್ದು, ಬಹಳಷ್ಟು ಯಂತ್ರಗಳಲ್ಲಿ 87 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ.

ಆದ್ದರಿಂದ ಭಾರಿ ಆಟವೊಂದರಲ್ಲಿ ಪ್ರೊಸೆಸರ್ 90ರ ಮೇಲಿದೆ, ಗ್ರಾಫಿಕ್ಸ್ ಚಿಪ್ 80ರ ಮೇಲಿದೆ ಎಂದ ಮಾತ್ರಕ್ಕೆ ಗಾಬರಿಪಡಬೇಕಾಗಿಲ್ಲ. ಆಟದ ಮಟ್ಟ ಬದಲಾಗುವಾಗ ಅಥವಾ ಹೊಸ ದೃಶ್ಯ ಲೋಡ್ ಆಗುವಾಗ ಪ್ರೊಸೆಸರ್ ಎರಡು ಕ್ಷಣ 100ಕ್ಕೆ ಜಿಗಿದು ಇಳಿಯುವುದು ಸಹ ಮಾಮೂಲು. ಗಮನಿಸಬೇಕಾದದ್ದು ಗಡಿಗೆ ಅಂಟಿಕೊಂಡೇ ಇರುವ ಉಷ್ಣಾಂಶವನ್ನು, ಅದರ ಜೊತೆಯಲ್ಲಿ ಕುಸಿಯುತ್ತಾ ಹೋಗುವ ವಾಟುಗಳನ್ನು.

ಪರೀಕ್ಷೆಯ ಸಿದ್ಧತೆ

ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ತಂತ್ರಾಂಶ ಈ ಕೆಲಸಕ್ಕೆ ಸಾಕು. ಅದರ ಸೆನ್ಸರ್ ಕಿಟಕಿಯಲ್ಲಿ ಲಾಗಿಂಗ್ ಗುಂಡಿ ಒತ್ತಿದರೆ, ಪ್ರತಿ ಎರಡು ಸೆಕೆಂಡಿಗೊಮ್ಮೆ ಎಲ್ಲ ಅಂಕಿಗಳೂ ಒಂದು ಕಡತದಲ್ಲಿ ದಾಖಲಾಗುತ್ತಾ ಹೋಗುತ್ತವೆ. ಆ ಕಡತವನ್ನು ಯಾವುದೇ ಸ್ಪ್ರೆಡ್‌ಶೀಟಿನಲ್ಲಿ ತೆರೆದು ನೋಡಬಹುದು. ಬೇಕಾದ ಸಾಲುಗಳು ಕೆಲವೇ: ಪ್ರೊಸೆಸರಿನ ಪ್ಯಾಕೇಜ್ (ಅಂದರೆ ಇಡೀ ಚಿಪ್ಪಿನ) ಉಷ್ಣಾಂಶ, ಪ್ಯಾಕೇಜ್ ಪವರ್, ಕೋರುಗಳ ಕ್ಲಾಕ್ (ಓಡುವ ವೇಗ), ಹಾಗೆಯೇ ಗ್ರಾಫಿಕ್ಸ್ ಚಿಪ್ಪಿನ ಉಷ್ಣಾಂಶ, ಪವರ್, ಕ್ಲಾಕ್, ಸಿಗುವುದಾದರೆ ಎರಡೂ ಫ್ಯಾನುಗಳ ವೇಗ.

ಲ್ಯಾಪ್‌ಟಾಪನ್ನು ಗಟ್ಟಿಯಾದ, ಸಮತಟ್ಟಾದ ಮೇಜಿನ ಮೇಲಿಡಬೇಕು. ಅದರ ಜೊತೆಯಲ್ಲೇ ಬಂದ ಅಡಾಪ್ಟರನ್ನು ಚುಚ್ಚಿ, ತಯಾರಕರ ತಂತ್ರಾಂಶದಲ್ಲಿ ಪರ್ಫಾರ್ಮೆನ್ಸ್ ಮೋಡ್ ಆರಿಸಿಕೊಳ್ಳಬೇಕು. ಕೋಣೆಯ ಉಷ್ಣಾಂಶವನ್ನು ಬರೆದಿಟ್ಟುಕೊಳ್ಳುವುದನ್ನು ಹೆಚ್ಚಿನವರು ಮರೆಯುತ್ತಾರೆ, ಆದರೆ ಅದಿಲ್ಲದೆ ಉಳಿದ ಅಂಕಿಗಳಿಗೆ ಬೆಲೆಯಿಲ್ಲ: ಫ್ಯಾನು ಪೂರ್ಣ ವೇಗದಲ್ಲಿದ್ದು, ವಾಟುಗಳು ಅಷ್ಟೇ ಇದ್ದರೆ, ಕೋಣೆ 10 ಡಿಗ್ರಿ ಹೆಚ್ಚು ಬಿಸಿಯಾದಾಗ ಚಿಪ್ಪೂ ಸುಮಾರು 10 ಡಿಗ್ರಿ ಮೇಲೇರುತ್ತದೆ. ಚಳಿಯಲ್ಲಿ ಪರೀಕ್ಷಿಸಿದ ಯಂತ್ರವನ್ನು ಬೇಸಿಗೆಯಲ್ಲಿ ಪರೀಕ್ಷಿಸಿದ ಯಂತ್ರದೊಂದಿಗೆ ಹೋಲಿಸಿ ತೀರ್ಪು ಕೊಡುವವರೇ ಹೆಚ್ಚು.

ಬಳಿಕ ಮೂರು ಓಟಗಳು ಬೇಕು. ಮೊದಲು ಪ್ರೊಸೆಸರಿಗೆ ಮಾತ್ರ ಹೊರೆ ಕೊಡುವ ಸಿನಿಬೆಂಚ್ ಆರ್23ಯ 10 ನಿಮಿಷದ ಓಟ. ಆಮೇಲೆ ಬಹುತೇಕ ಗ್ರಾಫಿಕ್ಸ್ ಚಿಪ್ಪನ್ನಷ್ಟೇ ದುಡಿಸುವ ಓಟ. ಇದಕ್ಕೆ 3ಡಿಮಾರ್ಕ್ ಟೈಮ್ ಸ್ಪೈನ ಸ್ಟ್ರೆಸ್ ಟೆಸ್ಟ್ ಹೊಂದುತ್ತದೆ, ಅದು ಒಂದೇ ದೃಶ್ಯವನ್ನು 20 ಸಲ ಓಡಿಸಿ, ಫ್ರೇಮುಗಳ ಸ್ಥಿರತೆ ಶೇ 97ಕ್ಕಿಂತ ಕಡಿಮೆಯಾದರೆ ನಪಾಸು ಮಾಡುತ್ತದೆ. ಕೊನೆಗೆ ನೀವು ನಿಜವಾಗಿ ಆಡುವ ಆಟ, ಒಂದೇ ಜಾಗದಲ್ಲಿ, ಕನಿಷ್ಠ 30 ನಿಮಿಷ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ಪುಗಳನ್ನು ಬೇರೆ ಬೇರೆಯಾಗಿಯೂ ಒಟ್ಟಿಗೂ ನೋಡಬೇಕಾದದ್ದು ಏಕೆಂದರೆ, ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಎರಡರ ಮೇಲೂ ಒಂದೇ ಹೀಟ್ ಪೈಪ್ ಹಾದುಹೋಗಿರುತ್ತದೆ. ಒಂದರ ಬಿಸಿ ಇನ್ನೊಂದಕ್ಕೆ ಹರಿಯುತ್ತದೆ. ಆಟದಲ್ಲಿ ಪ್ರೊಸೆಸರ್ ಕೇವಲ 40 ವಾಟ್ ಬಳಸುತ್ತಿದ್ದರೂ 95 ಡಿಗ್ರಿ ತೋರಿಸುವುದು ಇದೇ ಕಾರಣಕ್ಕೆ ಇರಬಹುದು.

ಲಾಗ್ ಓದುವ ಬಗೆ

ಇಂಥದೊಂದು ಲಾಗ್ ಕಣ್ಣ ಮುಂದಿದೆ ಎಂದುಕೊಳ್ಳಿ. ಆಟ ಶುರುವಾದ 3ನೆಯ ನಿಮಿಷದಲ್ಲಿ ಪ್ರೊಸೆಸರ್ 88 ಡಿಗ್ರಿ, 60 ವಾಟ್. ಗ್ರಾಫಿಕ್ಸ್ ಚಿಪ್ 78 ಡಿಗ್ರಿ, 115 ವಾಟ್. ಸೆಕೆಂಡಿಗೆ 96 ಫ್ರೇಮ್. 25ನೆಯ ನಿಮಿಷದಲ್ಲಿ ಪ್ರೊಸೆಸರ್ 99 ಡಿಗ್ರಿ, 38 ವಾಟ್, ಗ್ರಾಫಿಕ್ಸ್ ಚಿಪ್ 87 ಡಿಗ್ರಿ, 90 ವಾಟ್, 76 ಫ್ರೇಮ್. ಉಷ್ಣಾಂಶ ಏರಿ ಗಡಿ ಮುಟ್ಟಿದೆ, ವಾಟ್ ಇಳಿದಿದೆ, ಫ್ರೇಮ್ ಅದರ ಬೆನ್ನಿಗೇ ಬಿದ್ದಿದೆ. ಶಾಖ ಹೊರಹೋಗುವ ದಾರಿ ಸಾಲದೆ ಆದ ಥ್ರಾಟಲಿಂಗ್ ಇದು.

ಈಗ ಇನ್ನೊಂದು: 25ನೆಯ ನಿಮಿಷದಲ್ಲಿಯೂ ಗ್ರಾಫಿಕ್ಸ್ ಚಿಪ್ 84 ಡಿಗ್ರಿಯಲ್ಲಿ ನಿಂತಿದೆ, 115 ವಾಟನ್ನು ಬಿಟ್ಟುಕೊಟ್ಟಿಲ್ಲ, ಫ್ರೇಮ್ 95. ಇಲ್ಲಿ ದೋಷವೇ ಇಲ್ಲ. ಮುಟ್ಟಿದರೆ ಕೀಬೋರ್ಡಿನ ಮೇಲ್ಭಾಗ ಸುಡುವಂತಿದ್ದರೂ, ಫ್ಯಾನ್ ಕಿವಿ ಕೊರೆಯುತ್ತಿದ್ದರೂ, ಆ ಕಿರಿಕಿರಿ ಬೇರೆ, ದೋಷ ಬೇರೆ.

ಏರಿಕೆಯ ಆಕಾರವೂ ಬಹಳಷ್ಟನ್ನು ಹೇಳುತ್ತದೆ. ಹೊರೆ ಬಿದ್ದ ಒಂದೆರಡು ಸೆಕೆಂಡಿನಲ್ಲೇ 100ಕ್ಕೆ ಹಾರಿ, ಹೊರೆ ತೆಗೆದ ಕೂಡಲೇ 60ಕ್ಕೆ ಬೀಳುವ ಪ್ರೊಸೆಸರಿನಲ್ಲಿ ಶಾಖವು ಚಿಪ್ಪಿನಿಂದ ಹೀಟ್‌ಸಿಂಕಿಗೆ ದಾಟುವ ಕಡೆಯಲ್ಲೇ ತೊಡಕಿದೆ ಎಂದು ಶಂಕಿಸಬೇಕು. ಕಾಲು ಗಂಟೆ ನಿಧಾನವಾಗಿ ಏರುತ್ತಾ ಹೋಗುವುದಾದರೆ ಚಿಪ್ಪಿನ ಸಂಪರ್ಕ ಚೆನ್ನಾಗಿದೆ, ಹೀಟ್‌ಸಿಂಕಿನ ತೆಳು ಲೋಹದ ಹಾಳೆಗಳಾದ ಫಿನ್ನುಗಳಿಂದ ಗಾಳಿಗೆ ಶಾಖ ಸೇರುವಲ್ಲಿ ತಡೆಯಿದೆ. ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. 13700ಎಚ್‌ನ ಮೂಲ ಪವರ್ 45 ವಾಟ್ ಆಗಿದ್ದರೂ, ಸ್ವಲ್ಪ ಹೊತ್ತು ವೇಗ ಹೆಚ್ಚಿಸಿಕೊಳ್ಳುವ ಟರ್ಬೊ ಸಮಯದಲ್ಲಿ 115 ವಾಟ್‌ವರೆಗೆ ಹೋಗಲು ಇಂಟೆಲ್ ಅನುಮತಿಸಿದೆ. ಅಷ್ಟು ವಾಟ್ ಒಮ್ಮೆಲೇ ಉಗುರಿನಷ್ಟಗಲದ ಸಿಲಿಕಾನಿನ ಮೇಲೆ ಬಿದ್ದರೆ ಹೊಸ ಯಂತ್ರವೂ ಹಾರಿಯೇ ಹಾರುತ್ತದೆ. ಹಾಗಾಗಿ ಟರ್ಬೊದ ಅಬ್ಬರ ತಣ್ಣಗಾಗಿ 45 ವಾಟಿನ ಹತ್ತಿರ ಸ್ಥಿರಗೊಂಡ ಮೇಲೆಯೂ 95 ದಾಟಿಯೇ ಇದೆಯೇ ಎಂದು ನೋಡಿ ನಿರ್ಧರಿಸುವುದು ನ್ಯಾಯ.

ಒಂದೇ ಬಗೆಯ ಕೋರುಗಳ ನಡುವೆ 15 ಡಿಗ್ರಿಗೂ ಮೀರಿದ ಅಂತರ ಸದಾ ಕಾಣುತ್ತಿದ್ದರೆ, ಅಥವಾ ಗ್ರಾಫಿಕ್ಸ್ ಚಿಪ್ಪಿನ ಹಾಟ್‌ಸ್ಪಾಟ್ (ಅತಿ ಬಿಸಿಯಾದ ಬಿಂದು) ಅಂಕಿ ಸರಾಸರಿ ಉಷ್ಣಾಂಶಕ್ಕಿಂತ 25 ಡಿಗ್ರಿ ಮೇಲಿದ್ದರೆ, ಪೇಸ್ಟ್ ಒಂದು ಬದಿಗೆ ಸರಿದಿದೆ ಅಥವಾ ಹೀಟ್‌ಸಿಂಕ್ ಓರೆಯಾಗಿ ಕೂತಿದೆ ಎಂದೇ ತಿಳಿಯಬಹುದು. ಹಾಟ್‌ಸ್ಪಾಟಿನ ವ್ಯತ್ಯಾಸ 10ರಿಂದ 15 ಡಿಗ್ರಿ ಇರುವುದು ಸಾಮಾನ್ಯ.

ಹೊರಬೀಳುವ ಗಾಳಿಗೆ ಕೈಯೊಡ್ಡಿ

ಯಾವ ತಂತ್ರಾಂಶವೂ ಹೇಳದ ಒಂದು ಸಂಗತಿಯನ್ನು ಅಂಗೈ ಹೇಳುತ್ತದೆ. ಆಟ ಹದಿನೈದು ನಿಮಿಷ ನಡೆದ ಮೇಲೆ, ಗಾಳಿ ಹೊರಬರುವ ಕಿಂಡಿಗಳ ಮುಂದೆ, ಒಂದು ಗೇಣು ದೂರದಲ್ಲಿ ಕೈ ಹಿಡಿಯಿರಿ. ಹಿಂಬದಿಯಲ್ಲಿಯೂ ಪಕ್ಕದಲ್ಲಿಯೂ ಕಿಂಡಿಗಳಿದ್ದರೆ ಒಂದೊಂದನ್ನೂ ನೋಡಬೇಕು.

ಗಾಳಿ ರಭಸವಾಗಿದ್ದು ಚೆನ್ನಾಗಿ ಬಿಸಿಯಿದ್ದರೆ, ತಂಪುಗೊಳಿಸುವ ಏರ್ಪಾಡು ತನ್ನ ಕೆಲಸವನ್ನು ಮಾಡುತ್ತಿದೆ. ಆದರೂ ಥ್ರಾಟಲಿಂಗ್ ಆಗುತ್ತಿದ್ದರೆ ಆ ಏರ್ಪಾಡಿನ ತಾಕತ್ತೇ ಅಷ್ಟು. ಗಾಳಿ ಸುಡುವಷ್ಟು ಬಿಸಿಯಿದ್ದೂ ಉಸಿರಿನಷ್ಟು ಮೆಲ್ಲಗೆ ಬರುತ್ತಿದ್ದರೆ ಫಿನ್ನುಗಳ ನಡುವೆ ಧೂಳು ಕಟ್ಟಿದೆ, ಇಲ್ಲವೇ ಫ್ಯಾನ್ ಪೂರ್ಣ ವೇಗಕ್ಕೆ ಬಂದಿಲ್ಲ. ಮೂರನೆಯ ಸಂದರ್ಭ ನೋಡಲು ವಿಚಿತ್ರ: ಪರದೆಯಲ್ಲಿ ಚಿಪ್ 100 ಡಿಗ್ರಿ ಎನ್ನುತ್ತದೆ, ಫ್ಯಾನ್ ಭೋರ್ಗರೆಯುತ್ತಿದೆ, ಆದರೆ ಕೈಗೆ ತಾಗುವ ಗಾಳಿ ಉಗುರುಬೆಚ್ಚಗೆ. ಶಾಖ ಫಿನ್ನುಗಳಿಗೆ ತಲುಪುತ್ತಲೇ ಇಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ಪೇಸ್ಟ್ ಒಣಗಿರಬಹುದು, ಹೀಟ್‌ಸಿಂಕಿನ ಸ್ಕ್ರೂ ಸಡಿಲಿರಬಹುದು. ಅಪರೂಪಕ್ಕೆ ಹೀಟ್ ಪೈಪೇ ಕೆಟ್ಟಿರಬಹುದು. ಹೀಟ್ ಪೈಪ್ ಎಂಬುದು ಗಟ್ಟಿ ತಾಮ್ರದ ಸರಳಲ್ಲ, ಒಳಗೆ ಚೂರು ನೀರನ್ನಿಟ್ಟು ಗಾಳಿ ತೆಗೆದು ಮುಚ್ಚಿದ ಕೊಳವೆ. ಬಿಸಿ ತುದಿಯಲ್ಲಿ ನೀರು ಆವಿಯಾಗಿ ತಂಪು ತುದಿಗೆ ಹೋಗಿ, ಅಲ್ಲಿ ಶಾಖ ಬಿಟ್ಟು ಮತ್ತೆ ನೀರಾಗಿ, ಒಳಗೋಡೆಯ ಬತ್ತಿಯಂಥ ಪದರದ ಮೂಲಕ ಹಿಂದಿರುಗುತ್ತದೆ. ಕೊಳವೆ ಎಲ್ಲಾದರೂ ಬಿರುಕುಬಿಟ್ಟರೆ ಅಥವಾ ಅಪ್ಪಚ್ಚಿಯಾದರೆ ಈ ಸುತ್ತಾಟ ನಿಂತುಹೋಗುತ್ತದೆ.

ಒಂದು ಕಿಂಡಿಯಿಂದ ರಭಸವಾಗಿಯೂ ಇನ್ನೊಂದರಿಂದ ಇಲ್ಲವೆಂಬಂತೆಯೂ ಗಾಳಿ ಬರುತ್ತಿದ್ದರೆ ನಿಂತಿರುವ ಫ್ಯಾನನ್ನು ಹುಡುಕಲು ಬೇರೆ ಪರೀಕ್ಷೆ ಬೇಡ. ಕರಕರ ಸದ್ದು ಮಾಡುವ ಫ್ಯಾನಿನ ಬೇರಿಂಗ್ ಸವೆದಿರುತ್ತದೆ. ಎಣ್ಣೆ ಬಿಟ್ಟು ಕಾಲ ತಳ್ಳುವುದಕ್ಕಿಂತ ಫ್ಯಾನನ್ನೇ ಬದಲಿಸುವುದು ಲೇಸು.

ಬಿಸಿಯಿಲ್ಲದೆಯೇ ಕುಂಟುವ ಯಂತ್ರ

ಫ್ರೇಮ್ ಬಿತ್ತೆಂದರೆ ಬಿಸಿಯೇ ಕಾರಣ ಎಂದು ಹೊರಡುವುದು ಎಂಥ ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ನನ್ನದೇ ಉದಾಹರಣೆ ಕೊಡುತ್ತೇನೆ. ಎರಡು ವರ್ಷ ಚೆನ್ನಾಗಿ ಓಡಿದ ನನ್ನ ಲ್ಯಾಪ್‌ಟಾಪ್ ಒಂದು ಸಂಜೆ ಆಟದ ನಡುವೆ ತೆವಳತೊಡಗಿತು. ಪೇಸ್ಟ್ ಒಣಗಿದೆ ಎಂದು ನಾನೇ ತೀರ್ಮಾನಿಸಿಕೊಂಡು, ಹಿಂಬದಿಯ ಸ್ಕ್ರೂಗಳನ್ನೆಲ್ಲ ಬಿಚ್ಚಿ, ಹಳೆಯ ಪೇಸ್ಟ್ ಒರೆಸಿ, ಹೊಸದನ್ನು ಹಚ್ಚಿ ಮುಚ್ಚಿದೆ. ತೆವಳುವುದು ನಿಲ್ಲಲಿಲ್ಲ. ಆಮೇಲೆ ಬುದ್ಧಿ ಬಂದು ಲಾಗ್ ತೆಗೆದಾಗ ಪ್ರೊಸೆಸರ್ 54 ಡಿಗ್ರಿಯಲ್ಲಿ ಆರಾಮಾಗಿ ಇದ್ದು, ಕ್ಲಾಕ್ ಮಾತ್ರ 400 ಮೆಗಾಹರ್ಟ್ಸ್‌ನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಅಡಾಪ್ಟರಿನ ಪ್ಲಗ್ಗಿನೊಳಗೆ ನಟ್ಟನಡುವೆ ಸೂಜಿಯಂಥ ಒಂದು ಪಿನ್ ಇರುತ್ತದಲ್ಲ, ಅದು ಸೊಟ್ಟಗಾಗಿತ್ತು. ತನಗೆ ಎಷ್ಟು ವಾಟಿನ ಅಡಾಪ್ಟರ್ ಜೋಡಿಸಲಾಗಿದೆ ಎಂದು ಲ್ಯಾಪ್‌ಟಾಪ್ ಕೇಳಿ ತಿಳಿಯುವುದು ಆ ಪಿನ್ನಿನ ಮೂಲಕ. ಉತ್ತರ ಬಾರದಿದ್ದರಿಂದ ಅದು ಪ್ರೊಸೆಸರನ್ನು ಅತ್ಯಂತ ಕೆಳಗಿನ ವೇಗಕ್ಕೆ ಇಳಿಸಿಬಿಟ್ಟಿತ್ತು.

ಇದಕ್ಕೆ ಬಿಡಿ ಪ್ರೊಚ್‌ಹಾಟ್ (BD PROCHOT) ಎಂಬ ಸಂಕೇತ ಕಾರಣ. ಪ್ರೊಸೆಸರ್ ತಾನೇ ಬಿಸಿಯಾಗದಿದ್ದರೂ ಮದರ್‌ಬೋರ್ಡಿನ ಬೇರೊಂದು ಭಾಗ, ಅದು ವಿದ್ಯುತ್ ಪೂರೈಕೆಯ ಬಿಡಿಭಾಗವಿರಲಿ ಚಾರ್ಜಿಂಗ್ ಸರ್ಕಿಟ್ ಇರಲಿ, ತೊಂದರೆಯಲ್ಲಿದೆ ಎಂದರೆ ಈ ಸಂಕೇತದ ಮೂಲಕ ಪ್ರೊಸೆಸರಿನ ಕಡಿವಾಣ ಎಳೆಯುತ್ತದೆ. ಥ್ರಾಟಲ್‌ಸ್ಟಾಪ್ ತಂತ್ರಾಂಶದ ಲಿಮಿಟ್ಸ್ ಕಿಟಕಿಯಲ್ಲಿ ಇದು ಕೆಂಪಾಗಿ ಕಾಣುತ್ತದೆ. ಅದೇ ತಂತ್ರಾಂಶದಲ್ಲಿ ಆ ಸಂಕೇತವನ್ನು ಕಡೆಗಣಿಸುವ ಅನುಕೂಲವೂ ಇದೆ. ಕಾರಣ ತಿಳಿಯದೆ ಅದನ್ನು ಬಳಸುವುದು ಹೊಗೆಯ ಅಲಾರಮ್ಮಿನ ಬ್ಯಾಟರಿ ಕಿತ್ತಿಟ್ಟು ಮಲಗಿದಂತೆ.

ವಿದ್ಯುತ್ ಸಾಲದ ಕಾರಣಕ್ಕೂ ಹೀಗಾಗುತ್ತದೆ. 115 ವಾಟಿನ ಗ್ರಾಫಿಕ್ಸ್ ಚಿಪ್, 45 ವಾಟಿನ ಪ್ರೊಸೆಸರ್, ಪರದೆ, ಫ್ಯಾನು, ಎಸ್‌ಎಸ್‌ಡಿ ಎಲ್ಲವನ್ನೂ ಕೂಡಿಸಿದರೆ 180 ವಾಟಿನ ಅಡಾಪ್ಟರಿಗೆ ಉಸಿರಾಡಲು ಜಾಗವಿಲ್ಲ; 100 ವಾಟಿನ ಯುಎಸ್‌ಬಿ-ಸಿ ಚಾರ್ಜರಿನಲ್ಲಂತೂ ಲೆಕ್ಕವೇ ಕೂಡುವುದಿಲ್ಲ. ಅಡಾಪ್ಟರ್ ಚುಚ್ಚಿದ್ದರೂ ಆಡುವಾಗ ಬ್ಯಾಟರಿಯ ಶೇಕಡಾವಾರು ಇಳಿಯುತ್ತಿದ್ದರೆ ಇದೇ ಲಕ್ಷಣ. ಗ್ರಾಫಿಕ್ಸ್ ಚಿಪ್ಪಿನ ಮಟ್ಟಿಗೆ ಜಿಪಿಯು-ಝಡ್ ತಂತ್ರಾಂಶದ ಪರ್ಫ್‌ಕ್ಯಾಪ್ ರೀಸನ್ ಎಂಬ ಸಾಲು ಕಾರಣವನ್ನು ನೇರವಾಗಿ ಹೇಳುತ್ತದೆ: ಥರ್ಮಲ್ ಎಂದಿದ್ದರೆ ಬಿಸಿ, ಪವರ್ ಎಂದಿದ್ದರೆ ವಾಟಿನ ಮಿತಿ, ಯೂಟಿಲೈಸೇಶನ್ ಎಂದಿದ್ದರೆ ಚಿಪ್ಪಿಗೆ ಸಾಕಷ್ಟು ಕೆಲಸವೇ ಇಲ್ಲ.

ಯಂತ್ರ ನಿಧಾನವಾಗದೆ ಒಮ್ಮೆಲೇ ಆರಿಹೋಗುವುದಾದರೆ ವಿಂಡೋಸ್‌ನ ಈವೆಂಟ್ ವ್ಯೂವರಿನಲ್ಲಿ ಕರ್ನಲ್-ಪವರ್ 41 ಎಂಬ ದಾಖಲೆ ಸಿಗುತ್ತದೆ. ಅದು ಸರಿಯಾಗಿ ಮುಚ್ಚದೆ ಆರಿತು ಎಂದಷ್ಟೇ ಹೇಳುತ್ತದೆ, ಏಕೆ ಎಂದು ಹೇಳುವುದಿಲ್ಲ. ಆರುವ ಮುನ್ನಿನ ಕೊನೆಯ ಸೆಕೆಂಡುಗಳ ಲಾಗಿನಲ್ಲಿ ಉಷ್ಣಾಂಶ ಗಡಿಯ ಹತ್ತಿರವೂ ಇರದಿದ್ದರೆ ಅಡಾಪ್ಟರ್, ಬ್ಯಾಟರಿ ಅಥವಾ ಮದರ್‌ಬೋರ್ಡಿನ ಕಡೆ ತಿರುಗಬೇಕು.

ಮುಚ್ಚಳ ತೆಗೆದ ಮೇಲೆ

ಮೇಲಿನ ಗುರುತುಗಳು ಧೂಳನ್ನೋ ಪೇಸ್ಟನ್ನೋ ತೋರಿಸಿದ ಮೇಲೆಯೇ ಸ್ಕ್ರೂಡ್ರೈವರ್ ಹಿಡಿಯಬೇಕು. ವಾರಂಟಿಯ ಷರತ್ತನ್ನು ಮೊದಲು ಓದಬೇಕು. ಆರಿಸಿ, ಅಡಾಪ್ಟರ್ ತೆಗೆದು, ಮುಚ್ಚಳ ಬಿಚ್ಚಿದ ಕೂಡಲೇ ಬ್ಯಾಟರಿಯ ಕನೆಕ್ಟರನ್ನು ಬಿಡಿಸುವುದು ಮೊದಲ ಕೆಲಸ. ಬ್ಯಾಟರಿ ಉಬ್ಬಿದ್ದರೆ ಅಲ್ಲಿಗೇ ನಿಲ್ಲಿಸಿ. ಅದನ್ನು ಒತ್ತಬಾರದು, ಚುಚ್ಚಬಾರದು, ಆ ಯಂತ್ರವನ್ನು ಮತ್ತೆ ಚಾರ್ಜ್ ಮಾಡಲೂಬಾರದು. ಟಚ್‌ಪ್ಯಾಡ್ ಮೇಲೆದ್ದು ಬಂದಿರುವುದು ಅಥವಾ ಒತ್ತಿದರೆ ಕ್ಲಿಕ್ ಆಗದಿರುವುದು ಇದರ ಹೊರಗುರುತು.

ಧೂಳು ಇರುವ ಜಾಗವನ್ನು ಬಹಳ ಮಂದಿ ತಪ್ಪಾಗಿ ತಿಳಿಯುತ್ತಾರೆ. ಫ್ಯಾನಿನ ರೆಕ್ಕೆಗಳ ಮೇಲೆ ಕಾಣುವುದು ತೆಳುವಾದ ಪುಡಿ, ಅದರಿಂದ ಹೆಚ್ಚೇನೂ ಕೆಡುವುದಿಲ್ಲ. ನಿಜವಾದ ತಡೆ ಇರುವುದು ಫ್ಯಾನಿಗೂ ಫಿನ್ನಿಗೂ ನಡುವೆ: ಕೂದಲು, ನೂಲಿನ ಎಳೆ, ಧೂಳು ಹೆಣೆದುಕೊಂಡು ಕಂಬಳಿಯ ತುಂಡಿನಂತೆ ಒಂದು ಪಟ್ಟಿಯೇ ಆಗಿರುತ್ತದೆ. ಹೊರಗಿನಿಂದ ಊದಿದರೆ ಅದು ಕದಲುವುದಿಲ್ಲ, ಇನ್ನೂ ಬಿಗಿಯಾಗುವುದೂ ಉಂಟು. ಫ್ಯಾನಿನ ಮೇಲಿನ ತಗಡನ್ನು ತೆಗೆದು ಚಿಮುಟದಿಂದ ಹಿಡಿದೆಳೆದರೆ ಇಡೀ ಪಟ್ಟಿ ಒಂದೇ ಸಲಕ್ಕೆ ಎದ್ದು ಬರುತ್ತದೆ. ಗಾಳಿ ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು.

ಪೇಸ್ಟಿನ ವಿಷಯದಲ್ಲಿ, ಹೀಟ್‌ಸಿಂಕ್ ಎತ್ತಿದಾಗ ಚಿಪ್ಪಿನ ನಡುಭಾಗ ಕನ್ನಡಿಯಂತೆ ಹೊಳೆಯುತ್ತಾ, ಪೇಸ್ಟೆಲ್ಲ ಅಂಚಿಗೆ ಸರಿದು ಗಟ್ಟಿಕಟ್ಟಿದ್ದರೆ ರೋಗ ಸಿಕ್ಕಂತೆಯೇ. ಚಿಪ್ ಬಿಸಿಯಾಗಿ ತಣಿಯುವ ಪ್ರತಿ ಸುತ್ತಿನಲ್ಲಿಯೂ ಲೋಹ ಹಿಗ್ಗಿ ಕುಗ್ಗಿ ತೆಳು ಪೇಸ್ಟನ್ನು ಸ್ವಲ್ಪ ಸ್ವಲ್ಪವೇ ಹೊರಗೆ ತಳ್ಳುತ್ತದೆ. ಲ್ಯಾಪ್‌ಟಾಪಿಗೆ ಗಟ್ಟಿಯಾದ, ಜಿಗುಟಾದ ಪೇಸ್ಟ್ ಒಳ್ಳೆಯದು. ಅದಕ್ಕಿಂತಲೂ ಸುಮಾರು 45 ಡಿಗ್ರಿಯಲ್ಲಿ ಮೆತ್ತಗಾಗಿ ಹರಡಿಕೊಳ್ಳುವ ಹನಿವೆಲ್‌ನ ಪಿಟಿಎಂ7950ರಂಥ ಹಾಳೆ ಹೆಚ್ಚು ಕಾಲ ಬಾಳುತ್ತದೆ ಎಂಬುದು ನನ್ನ ಅನುಭವ. ಲಿಕ್ವಿಡ್ ಮೆಟಲ್ ಶಾಖವನ್ನು ಚೆನ್ನಾಗಿಯೇ ಸಾಗಿಸುತ್ತದೆ, ಆದರೆ ಗ್ಯಾಲಿಯಂ ಬೆರೆತ ಆ ದ್ರವ ವಿದ್ಯುತ್ತನ್ನೂ ಸಾಗಿಸುತ್ತದೆ, ಅಲ್ಯುಮಿನಿಯಮನ್ನು ತಿಂದುಹಾಕುತ್ತದೆ. ಒಂದು ಹನಿ ಜಾರಿದರೆ ಬೋರ್ಡು ಹೋಯಿತು. ಕೈ ಪಳಗಿಲ್ಲದವರಿಗೆ ಅದು ಬೇಡ. ಹೀಟ್‌ಸಿಂಕ್ ಕೂರಿಸುವಾಗ ಅದರ ಮೇಲೆ ಕೆತ್ತಿರುವ ಸಂಖ್ಯೆಗಳ ಕ್ರಮದಲ್ಲಿ, ಪ್ರತಿ ಸ್ಕ್ರೂವನ್ನೂ ಸ್ವಲ್ಪ ಸ್ವಲ್ಪವೇ ಬಿಗಿಮಾಡುತ್ತಾ ಬರಬೇಕು. ಮೆಮೊರಿ ಚಿಪ್ಪುಗಳ ಮೇಲಿನ ಥರ್ಮಲ್ ಪ್ಯಾಡ್ ಹರಿದರೆ ಅದೇ ದಪ್ಪದ್ದನ್ನು ಹಾಕಬೇಕು. ಹೆಚ್ಚು ದಪ್ಪದ್ದು ಹಾಕಿದರೆ ಹೀಟ್‌ಸಿಂಕ್ ಎತ್ತರದಲ್ಲಿ ನಿಂತು ಮುಖ್ಯ ಚಿಪ್ಪಿಗೇ ತಾಗುವುದಿಲ್ಲ.

ಬಿಚ್ಚದೆಯೇ ಆಗುವಷ್ಟು

ಹಿಂಬದಿಯನ್ನು ಎರಡು ಮೂರು ಸೆಂಟಿಮೀಟರ್ ಎತ್ತರಿಸುವುದು, ಹಾಸಿಗೆಯ ಮೇಲೆ ಇಡದಿರುವುದು ಎಲ್ಲರಿಗೂ ಗೊತ್ತಿರುವುದೇ. ಪರದೆಯ ರಿಫ್ರೆಶ್ ರೇಟಿಗಿಂತ ಹೆಚ್ಚಿನ ಫ್ರೇಮುಗಳಿಗೆ ಮಿತಿ ಹಾಕುವುದು ಅದಕ್ಕಿಂತ ಹೆಚ್ಚು ಫಲ ಕೊಡುತ್ತದೆ, ಖರ್ಚೂ ಇಲ್ಲ. ವೋಲ್ಟೇಜ್ ಇಳಿಸುವುದರ ಹಿಂದೆ ಗಟ್ಟಿಯಾದ ಲೆಕ್ಕವಿದೆ: ಚಿಪ್ ಓಡುವಾಗ ಬಳಸುವ ಪವರ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ, ಶೇ 10ರಷ್ಟು ವೋಲ್ಟೇಜ್ ಇಳಿದರೆ ಆ ಪಾಲಿನ ಪವರ್ ಶೇ 19ರಷ್ಟು ಇಳಿಯುತ್ತದೆ. ಆದರೆ 2019ರಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ಲೋಪ ಬಯಲಾದ ಮೇಲೆ ಅನೇಕ ತಯಾರಕರು ಇಂಟೆಲ್ ಪ್ರೊಸೆಸರುಗಳಲ್ಲಿ ಈ ಸೌಲಭ್ಯಕ್ಕೆ ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ತಂತ್ರಾಂಶ) ಬೀಗ ಹಾಕಿದರು. ಬೀಗವಿದ್ದರೆ, ವಿಂಡೋಸ್‌ನ ಪವರ್ ಪ್ಲಾನಿನಲ್ಲಿ ಪ್ರೊಸೆಸರಿನ ಗರಿಷ್ಠ ಸ್ಥಿತಿಯನ್ನು ಶೇ 99ಕ್ಕೆ ಇಳಿಸಿ ಟರ್ಬೊವನ್ನೇ ನಿಲ್ಲಿಸುವ ಒರಟು ಉಪಾಯ ಉಳಿಯುತ್ತದೆ. ಗ್ರಾಫಿಕ್ಸ್ ಚಿಪ್ಪೇ ಮುಖ್ಯವಾದ ಆಟಗಳಲ್ಲಿ ಇದರಿಂದ ಫ್ರೇಮ್ ಹೆಚ್ಚು ಬೀಳದೆ ಉಷ್ಣಾಂಶ ಚೆನ್ನಾಗಿ ಇಳಿಯುವುದುಂಟು.

ಕೊಳ್ಳುವಾಗ ಇದೇ ಓದು

ಲ್ಯಾಪ್‌ಟಾಪಿನ ಮೇಲೆ ಅಂಟಿಸಿದ ಗ್ರಾಫಿಕ್ಸ್ ಚಿಪ್ಪಿನ ಹೆಸರನ್ನು ನೋಡಿ ಕೊಳ್ಳುವುದು ದೊಡ್ಡ ಮೋಸಕ್ಕೆ ದಾರಿ. ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪ್ ಚಿಪ್ಪಿಗೆ ಎನ್‌ವಿಡಿಯಾ ಕೊಟ್ಟಿರುವ ಪವರ್ ವ್ಯಾಪ್ತಿ 35ರಿಂದ 115 ವಾಟ್. ತೆಳ್ಳಗಿನ ಯಂತ್ರದಲ್ಲಿ ಕಡಿಮೆ ವಾಟಿಗೆ ಕಟ್ಟಿಹಾಕಿದ 4060, ದಪ್ಪ ಯಂತ್ರದಲ್ಲಿ ಪೂರ್ತಿ ವಾಟ್ ಪಡೆಯುವ 4060ರ ಮುಂದೆ ನಿಲ್ಲಲಾರದು, ಹೆಸರು ಒಂದೇ ಆದರೂ. ಟಿಜಿಪಿ (ಗ್ರಾಫಿಕ್ಸ್ ಚಿಪ್ಪಿಗೆ ಸಿಗುವ ಗರಿಷ್ಠ ವಾಟ್) ಎಂದು ಬರೆದಿರುವ ಅಂಕಿಯನ್ನು ಹುಡುಕಬೇಕು. ಅದು ಎಲ್ಲಿಯೂ ಕಾಣದಿದ್ದರೆ ನಾನಾದರೆ ಆ ಮಾದರಿಯನ್ನು ಪಟ್ಟಿಯಿಂದ ತೆಗೆದುಬಿಡುತ್ತೇನೆ. ಜೊತೆಗೆ ಕೊಡುವ ಅಡಾಪ್ಟರ್ ಎಷ್ಟು ವಾಟಿನದು ಎಂಬುದೂ ಇದೇ ಕಥೆಯನ್ನು ಇನ್ನೊಂದು ಬಾಯಿಂದ ಹೇಳುತ್ತದೆ.

ವಿಮರ್ಶೆಗಳಲ್ಲಿ ಐದು ನಿಮಿಷದ ಬೆಂಚ್‌ಮಾರ್ಕ್ ಅಂಕಗಳನ್ನು ಬಿಟ್ಟು, ಅರ್ಧ ಗಂಟೆಯ ನಂತರದ ವಾಟುಗಳನ್ನು ತೋರಿಸುವವರನ್ನು ಓದಬೇಕು. ಫ್ಯಾನಿನ ಸದ್ದು, ಕೀಬೋರ್ಡಿನ ಮೇಲ್ಮೈ ಉಷ್ಣಾಂಶಗಳನ್ನು ಅಳೆದಿದ್ದರೆ ಇನ್ನೂ ಉತ್ತಮ. ವೇಪರ್ ಚೇಂಬರ್ (ಹೀಟ್ ಪೈಪಿನಂತೆಯೇ ಕೆಲಸ ಮಾಡುವ ಚಪ್ಪಟೆ ಪೆಟ್ಟಿಗೆ) ಇದೆ ಎಂಬ ಜಾಹೀರಾತಿಗೆ ತಾನಾಗಿಯೇ ಬೆಲೆಯಿಲ್ಲ: ಅದು ಶಾಖವನ್ನು ಬೇಗ ಹರಡುತ್ತದೆ, ಆದರೆ ಹರಡಿದ ಶಾಖವನ್ನು ಹೊರಹಾಕಬೇಕಾದದ್ದು ಫಿನ್ನುಗಳು ಮತ್ತು ಫ್ಯಾನುಗಳೇ. ಬಲಬದಿಯಲ್ಲಿ ಬಿಸಿಗಾಳಿ ಉಗುಳುವ ಯಂತ್ರ ಮೌಸ್ ಹಿಡಿದ ಕೈಯನ್ನು ಬೇಯಿಸುತ್ತದೆ. ಹಿಂಬದಿಯ ಕಿಂಡಿ ವಾಸಿ. ತಳದ ಮುಚ್ಚಳ ಸಾಮಾನ್ಯ ಸ್ಕ್ರೂಗಳಿಂದ ತೆಗೆಯುವಂತಿದೆಯೇ, ಫ್ಯಾನನ್ನು ಹೀಟ್‌ಸಿಂಕಿನಿಂದ ಬೇರ್ಪಡಿಸಿ ಬಿಡಿಸಬಹುದೇ ಎಂಬುದನ್ನು ಬಿಚ್ಚಿ ತೋರಿಸುವ ವಿಡಿಯೊದಲ್ಲಿ ನೋಡಿಕೊಳ್ಳಬೇಕು.

ಯಂತ್ರ ಕೈಸೇರಿದ ಮೇಲೆ, ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ, ಮೇಲೆ ಹೇಳಿದ ಮೂರೂ ಓಟಗಳನ್ನು ಮಾಡಿ ಮುಗಿಸಬೇಕು. ಗ್ರಾಫಿಕ್ಸ್ ಚಿಪ್ ಘೋಷಿತ ವಾಟಿನ ಹತ್ತಿರಕ್ಕೂ ಬಾರದಿದ್ದರೆ, ಅಥವಾ ಹೊಸ ಯಂತ್ರದಲ್ಲೇ ಕೋರುಗಳ ಅಂತರ 15 ಡಿಗ್ರಿ ಮೀರಿದ್ದರೆ, ಬಳಸುತ್ತಾ ಹೋದರೆ ಸರಿಹೋಗುತ್ತದೆ ಎಂದು ಕಾಯದೆ ಬದಲಿ ಕೇಳಬೇಕು. ಎಲ್ಲವೂ ಸರಿಯಿದ್ದರೆ ಆ ದಿನದ ಲಾಗನ್ನು ಕೋಣೆಯ ಉಷ್ಣಾಂಶದ ಸಮೇತ ಆ ಲ್ಯಾಪ್‌ಟಾಪಿನಲ್ಲಲ್ಲದೆ ಬೇರೆ ಕಡೆ ತೆಗೆದಿಟ್ಟುಕೊಳ್ಳಿ. ವರ್ಷದ ನಂತರ ಅದೇ ಆಟದ ಅದೇ ಜಾಗದಲ್ಲಿ ಮತ್ತೊಮ್ಮೆ ಅರ್ಧ ಗಂಟೆ ಓಡಿಸಿ, ಕೋಣೆಯ ವ್ಯತ್ಯಾಸವನ್ನು ಕಳೆದ ಮೇಲೂ ಅಷ್ಟೇ ವಾಟಿಗೆ ಎಂಟು ಹತ್ತು ಡಿಗ್ರಿ ಹೆಚ್ಚು ಬರುತ್ತಿದ್ದರೆ, ಫ್ಯಾನಿಗೂ ಫಿನ್ನಿಗೂ ನಡುವಿನ ಆ ಕಂಬಳಿಯನ್ನು ತೆಗೆಯುವ ಹೊತ್ತು ಬಂದಿದೆ.